ಮಣ್ಣಿಗೆ ಹೋಗೋದಕ್ಕೆ ಅಚ್ಚು ಯಾಕೆ ಸಾರ್?

"ಮಣ್ಣಿಗೆ ಹೋಗೋದಕ್ಕೆ ಶಟರಿಂಗ್ ಯಾಕೆ ಸಾರ್?" ಈ ಮಾತನ್ನು ನಾನು ಮೊದಲು ಕೇಳಿದ್ದು ಮೈಸೂರಿನ ಹೊರವಲಯದ ಒಂದು ಮೂವತ್ತು-ನಲವತ್ತರ ಸೈಟಿನಲ್ಲಿ. ಆಮೇಲೆ ಹಾಸನದಲ್ಲಿ ಕೇಳಿದೆ, ದಾವಣಗೆರೆಯಲ್ಲಿ ಕೇಳಿದೆ. ಹುಬ್ಬಳ್ಳಿಗೆ ಹೋದಾಗ ಅದೇ ಮಾತು ಬೇರೆ ಉಡುಪು ತೊಟ್ಟು ಎದುರಾಯಿತು: "ನೆಲಾನ ಐತಲ್ರಿ ಸಾಹೇಬ್ರ, ಮತ್ತ ಹಲಗಿ ಯಾಕ್ರಿ?" ಹೇಳುವವರು ದಡ್ಡರಲ್ಲ, ಕಳ್ಳರೂ ಅಲ್ಲ. ಮೇಸ್ತ್ರಿ ಹೇಳುತ್ತಾರೆ, ಗುತ್ತಿಗೆದಾರರು ತಲೆಯಾಡಿಸುತ್ತಾರೆ, ಮನೆ ಯಜಮಾನರು ನಾಲ್ಕು ಕಾಸು ಉಳಿಯಿತೆಂದು ಹಿಗ್ಗುತ್ತಾರೆ, ಡಿಗ್ರಿ ಇರುವ ಎಂಜಿನಿಯರ್ ಮೊಬೈಲ್ ನೋಡುತ್ತಲೇ "ಹೂಂ" ಅನ್ನುತ್ತಾರೆ. ಹೀಗೆ ಎಲ್ಲರೂ ಒಪ್ಪಿಕೊಂಡ ಮಾತಾದ್ದರಿಂದಲೇ ಅದನ್ನು ಹಿಡಿದು ಜಗ್ಗಬೇಕಾಗಿದೆ.

ನಮ್ಮ ಕಟ್ಟಡದ ಭಾಷೆಯೇ ಈ ತಾತ್ಸಾರವನ್ನು ಬಯಲು ಮಾಡುತ್ತದೆ. ಬೆಂಗಳೂರು, ಮೈಸೂರಿನ ಕಡೆ "ಮೋಲ್ಡ್ ಆಯ್ತಾ?" ಎಂದು ಕೇಳಿದರೆ ತಾರಸಿ ಹಾಕಿದಿರಾ ಎಂದರ್ಥ. ಅಚ್ಚು ಎಂಬ ಅರ್ಥದ ಆ ಪದ ಇಡಿಯಾಗಿ ಮೇಲ್ಛಾವಣಿಯ ಪಾಲಾಗಿಬಿಟ್ಟಿದೆ. ಮೋಲ್ಡ್ ದಿನ ನೆಂಟರಿಷ್ಟರು ಬರುತ್ತಾರೆ, ಕೆಲಸದವರಿಗೆ ಊಟ ಹಾಕುತ್ತಾರೆ, ಫೋಟೊ ತೆಗೆಯುತ್ತಾರೆ, ಒಂದು ಶೀಟು ಅರ್ಧ ಇಂಚು ಇಳಿದರೂ ಯಜಮಾನರ ಕಣ್ಣು ಅಲ್ಲಿಗೇ ಹೋಗುತ್ತದೆ. ಪಾಯದ ಭಾಗ್ಯ ಗುದ್ದಲಿ ಪೂಜೆಯೊಂದಿಗೆ ಮುಗಿಯುತ್ತದೆ. ಪುರೋಹಿತರು ದಕ್ಷಿಣೆ ತೆಗೆದುಕೊಂಡು ಹೋದ ಮೇಲೆ ಗುಂಡಿ ತೋಡಿ, ಬೆಡ್ ಕಾಂಕ್ರೀಟ್ ಹಾಕಿ, ಕಂಬಿಯ ಮ್ಯಾಟ್ ಇಳಿಸಿ, ಮಿಲ್ಲರ್‌ನಿಂದ ಬಾಂಡ್ಲಿಗಟ್ಟಲೆ ಮಾಲು ಸುರಿಯುವ ಹೊತ್ತಿಗೆ ಸೈಟಿನಲ್ಲಿ ಉಳಿದಿರುವುದು ಗ್ಯಾಂಗಿನವರು ಮತ್ತು ನೆರಳು ಹುಡುಕುತ್ತಿರುವ ಒಂದು ನಾಯಿ.

ಅಚ್ಚಿಲ್ಲದೆ ಪಾಯ ಹಾಕುವ ಈ ಜನರೇ ಈಗೀಗ ಇನ್ನೊಂದು ಹೊಸ ಪ್ರಶ್ನೆ ಕೇಳತೊಡಗಿದ್ದಾರೆ: "ಪಾಯಕ್ಕೆ ಇನ್ಸುಲೇಶನ್ ಹಾಕಿಸೋಣವಾ? ಥರ್ಮೋಕೋಲ್ ಅಚ್ಚು ಬಂದಿದೆಯಂತೆ." ಪಾಯಕ್ಕೆ ಬೇಕಾದ ಅಚ್ಚನ್ನು ಕಸಿದುಕೊಂಡು, ಬೇಡದ ಕಂಬಳಿ ಹೊದಿಸುವ ಈ ಬುದ್ಧಿಯ ಮೇಲೆ ನನ್ನ ಜಗಳ.

ಅಚ್ಚಿನ ವಿಷಯವನ್ನು ನನಗೆ ಮೊದಲು ಕಲಿಸಿದ್ದು ಕಾಲೇಜಲ್ಲ, ಸಂಕ್ರಾಂತಿ. ಸಕ್ಕರೆ ಅಚ್ಚು ಮಾಡುವವರ ಮನೆಯಲ್ಲಿ ಬೆಳೆದವರಿಗೆ ಗೊತ್ತು: ಮರದ ಅಚ್ಚುಗಳನ್ನು ಮೊದಲು ನೀರಿನಲ್ಲಿ ನೆನೆಹಾಕಬೇಕು. ಒಣ ಅಚ್ಚಿಗೆ ಪಾಕ ಹೊಯ್ದರೆ ಅಂಟಿಕೊಳ್ಳುತ್ತದೆ, ಬಿಡಿಸುವಾಗ ಗಿಳಿಯ ಕೊಕ್ಕು ಅಚ್ಚಿನಲ್ಲೇ ಉಳಿಯುತ್ತದೆ. ಎರಡು ಹೋಳುಗಳನ್ನು ದಾರ ಸುತ್ತಿ ಬಿಗಿಯಾಗಿ ಕಟ್ಟದಿದ್ದರೆ ಸಂದಿನಿಂದ ಪಾಕ ಸೋರಿ ಆನೆಯ ಸೊಂಡಿಲು ಟೊಳ್ಳಾಗುತ್ತದೆ. ಅಮ್ಮ ಅಚ್ಚು ಕಟ್ಟುವಷ್ಟು ಹೊತ್ತೂ ಪಾಕ ಒಲೆಯ ಮೇಲೆ ಕಾಯುತ್ತಿತ್ತು. ಪಾಕ ಹದಕ್ಕೆ ಬಂತೆಂದು ಸಡಿಲ ಅಚ್ಚಿಗೆ ಹೊಯ್ದದ್ದನ್ನು ನಾನು ನೋಡಿಲ್ಲ. ಫಾರ್ಮ್‌ವರ್ಕ್ ಎಂದು ದಪ್ಪ ಪುಸ್ತಕಗಳಲ್ಲಿ ಬರೆದಿರುವುದರ ಮುಕ್ಕಾಲು ಪಾಲು ಇಷ್ಟೇ. ಅಚ್ಚು ನೀರು ಕುಡಿಯಬಾರದು, ಸೋರಬಾರದು, ಅಲುಗಬಾರದು, ಬಿಡಿಸುವಾಗ ಒಳಗಿನದನ್ನು ಕೀಳಬಾರದು. ನಾಲ್ಕಾಣೆಯ ಸಕ್ಕರೆ ಗಿಳಿಗೆ ಕೊಟ್ಟ ಈ ಗೌರವವನ್ನು ಮೂರು ಅಂತಸ್ತು ಹೊರುವ ಫುಟಿಂಗ್‌ಗೆ ಕೊಡುವುದಿಲ್ಲ ಎಂದರೆ ಏನು ಹೇಳೋಣ?

ಗುಂಡಿಯ ಗೋಡೆಯೇ ಅಚ್ಚು ಎನ್ನುವವರು ಒಮ್ಮೆ ಆ ಗೋಡೆಯನ್ನು ಕೈಯಿಂದ ಮುಟ್ಟಿ ನೋಡಲಿ. ಏಪ್ರಿಲ್ ಬಿಸಿಲಿಗೆ ಎರಡು ದಿನ ತೆರೆದಿಟ್ಟ ಮಣ್ಣು ಒಣಗಿದ ಸ್ಪಂಜಿನ ಹಾಗೆ ನೀರಿಗೆ ಬಾಯಿಬಿಟ್ಟಿರುತ್ತದೆ. ಕಾಂಕ್ರೀಟ್ ಬಿದ್ದ ಕೂಡಲೆ ಅಂಚಿನ ಸಿಮೆಂಟ್ ಹಾಲನ್ನು ಅದು ಹೀರುತ್ತದೆ. ಉಳಿಯುವುದು ಜಲ್ಲಿ ಮತ್ತು ಒಣ ಮರಳು. ಎಲ್ಲಿ ಕಾಂಕ್ರೀಟ್ ಅತ್ಯಂತ ಗಟ್ಟಿಯಾಗಿ, ಸಂದಿಲ್ಲದೆ, ಕಂಬಿಯನ್ನು ಕಾಯಬೇಕೋ ಆ ಹೊರ ಪದರವೇ ಜೇನುಗೂಡಾಗುತ್ತದೆ. ಬಾಂಡ್ಲಿ ಸುರಿದ ರಭಸಕ್ಕೆ, ಗ್ಯಾಂಗಿನವರ ಕಾಲು ತಾಗಿ, ಗುಂಡಿಯ ಅಂಚಿನಿಂದ ಹೆಂಟೆ ಹೆಂಟೆಯಾಗಿ ಮಣ್ಣು ಉದುರಿ ಮಾಲಿನೊಳಗೆ ಸೇರುತ್ತದೆ. ಅದು ಕಂಬಿಗೆ ಮೆತ್ತಿಕೊಂಡರೆ ಅಲ್ಲಿ ಕಂಬಿಗೂ ಕಾಂಕ್ರೀಟಿಗೂ ಸಂಬಂಧವೇ ಇಲ್ಲ. ಇನ್ನು ಗುದ್ದಲಿಯಲ್ಲಿ ತೋಡಿದ ಗುಂಡಿ ಅಳತೆಗೆ ನಿಲ್ಲುವುದುಂಟೇ? ಒಂದು ಕಡೆ ಹೊಟ್ಟೆ, ಒಂದು ಕಡೆ ಗೂನು. ಗೂನು ಇರುವ ಕಡೆ ಮ್ಯಾಟಿನ ಕಂಬಿ ಮಣ್ಣಿಗೆ ತಾಗಿಯೇ ಕೂತಿರುತ್ತದೆ. ಮೇಲಿನಿಂದ ನೋಡಿದವರಿಗೆ ಕಾಣುವುದು ನುಣ್ಣಗೆ ಕರಣೆ ಎಳೆದ ತಲೆ ಮಾತ್ರ.

ಕಂಬಿಗೂ ಮಣ್ಣಿಗೂ ನಡುವಿನ ಆ ಕಾಂಕ್ರೀಟ್ ಹೊದಿಕೆಗೆ ಕವರ್ ಎನ್ನುತ್ತೇವೆ. ಭಾರತೀಯ ಮಾನಕ ಐಎಸ್ 456, ಅದರ 2000ದ ಆವೃತ್ತಿ, ಫುಟಿಂಗ್‌ಗೆ ಕನಿಷ್ಠ 50 ಮಿ.ಮೀ. ಕವರ್ ಇರಬೇಕು ಎನ್ನುತ್ತದೆ. ಇದು ಸುಮ್ಮನೆ ಬರೆದ ಅಂಕಿಯಲ್ಲ. ಹೊಸ ಕಾಂಕ್ರೀಟಿನ ಕ್ಷಾರಗುಣ ಕಂಬಿಗೆ ತುಕ್ಕು ಹತ್ತದಂತೆ ಕಾಯುತ್ತದೆ. ಗಾಳಿಯ ಇಂಗಾಲದ ಡೈಆಕ್ಸೈಡ್ ಹೊರಗಿನಿಂದ ಆ ಕ್ಷಾರಗುಣವನ್ನು ಸ್ವಲ್ಪ ಸ್ವಲ್ಪವೇ ತಿನ್ನುತ್ತ ಒಳಗೆ ಬರುತ್ತದೆ. ಅದು ಬರುವ ಆಳ ಕಾಲದ ವರ್ಗಮೂಲದಂತೆ ಬೆಳೆಯುತ್ತದೆ. ಅಂದರೆ ಕವರ್ ಅರ್ಧವಾದರೆ ಆಯುಸ್ಸು ಅರ್ಧವಾಗುವುದಿಲ್ಲ, ಕಾಲುಭಾಗವಾಗುತ್ತದೆ. ಮಣ್ಣಿನ ಆಳದಲ್ಲಿ ಗಾಳಿ ಕಡಿಮೆ ನಿಜ, ಆದರೆ ನೆಲಮಟ್ಟದ ಆಸುಪಾಸಿನಲ್ಲಿ, ಕಾಲಂ ಬುಡ ಒಮ್ಮೆ ನೆನೆದು ಒಮ್ಮೆ ಒಣಗುವ ಜಾಗದಲ್ಲಿ, ಗಾಳಿ ನೀರು ಎರಡೂ ಸಿಗುತ್ತವೆ. ತುಕ್ಕು ಹಿಡಿದ ಕಂಬಿ ಮೊದಲಿಗಿಂತ ಎಷ್ಟೋ ಪಟ್ಟು ಜಾಗ ಕೇಳುತ್ತದೆ, ಕಾಂಕ್ರೀಟನ್ನು ಒಳಗಿನಿಂದ ಸೀಳಿ ಆ ಜಾಗ ಮಾಡಿಕೊಳ್ಳುತ್ತದೆ. ಕಾರವಾರ, ಮಂಗಳೂರಿನಂಥ ಉಪ್ಪುಗಾಳಿಯ ಊರುಗಳಲ್ಲಿ ಇದು ಇನ್ನೂ ಚುರುಕು.

ಅಚ್ಚಿಲ್ಲದೆ ಹಾಕುವುದಕ್ಕೆ ಹೊರದೇಶದ ಸಂಹಿತೆಗಳು ಒಂದು ದಂಡವನ್ನೇ ನಿಗದಿ ಮಾಡಿವೆ. ಅಮೆರಿಕದ ಎಸಿಐ 318 ನೇರವಾಗಿ ಮಣ್ಣಿಗೆ ತಾಗಿಸಿ ಹಾಕಿದ ಕಾಂಕ್ರೀಟಿಗೆ 3 ಇಂಚು, ಅಂದರೆ 75 ಮಿ.ಮೀ. ಕವರ್ ಕೇಳುತ್ತದೆ, ಅಚ್ಚಿನಲ್ಲಿ ಹಾಕಿ ಆಮೇಲೆ ಮಣ್ಣು ತುಂಬಿದ್ದಕ್ಕೆ ಹೆಚ್ಚೆಂದರೆ 2 ಇಂಚು ಸಾಕು. ಯುರೋಪಿನ ಸಂಹಿತೆಯಲ್ಲೂ ಬರಿ ಮಣ್ಣಿನ ಮೇಲೆ ಹಾಕಿದ್ದಕ್ಕೆ 75, ಬೆಡ್ ಹಾಸಿದ ನೆಲದ ಮೇಲೆ ಹಾಕಿದ್ದಕ್ಕೆ 40. ಆ 35 ಮಿ.ಮೀ. ವ್ಯತ್ಯಾಸವೇ ಮಣ್ಣನ್ನು ನಂಬಿದ್ದರ ದಂಡ. ನಮ್ಮಲ್ಲಿ ಅಚ್ಚು ಬಿಡುತ್ತಾರೆ, ದಂಡವನ್ನೂ ಕಟ್ಟುವುದಿಲ್ಲ. ಕವರ್ ಬ್ಲಾಕ್ ಎಲ್ಲಿ ಎಂದು ಕೇಳಿದರೆ ಪಕ್ಕದ ರಾಶಿಯಿಂದ ನಾಲ್ಕು ಜಲ್ಲಿ ಕಲ್ಲು ಹೆಕ್ಕಿ ಮ್ಯಾಟಿನ ಕೆಳಗೆ ತುರುಕುತ್ತಾರೆ.

"ಆದರೂ ದುಡ್ಡು ಉಳಿಯುತ್ತದಲ್ಲ" ಎನ್ನುವ ಮಾತಿಗೆ ಬರೋಣ. ಉಳಿಯುತ್ತದೆಯೇ? ಒಂದೂವರೆ ಮೀಟರ್ ಚದರದ, 30 ಸೆಂ.ಮೀ. ದಪ್ಪದ ಫುಟಿಂಗ್ ತೆಗೆದುಕೊಳ್ಳಿ. ಅಚ್ಚಿನಲ್ಲಿ ಹಾಕಿದರೆ 0.675 ಘನ ಮೀಟರ್ ಕಾಂಕ್ರೀಟ್. ಗುಂಡಿ ಪ್ರತಿ ಬದಿಗೆ ಬರೇ 75 ಮಿ.ಮೀ. ದೊಡ್ಡದಾಗಿದೆ ಎಂದುಕೊಳ್ಳೋಣ, ಗುದ್ದಲಿ ಕೆಲಸದಲ್ಲಿ ಅಷ್ಟಕ್ಕೇ ನಿಂತರೆ ಅದು ಪುಣ್ಯ. ಆಗ ಹಿಡಿಯುವುದು 0.817. ನೂರಕ್ಕೆ 21 ಪಾಲು ಹೆಚ್ಚು! ಹನ್ನೆರಡು ಫುಟಿಂಗ್ ಇರುವ ಮನೆಗೆ ಇದು 1.7 ಘನ ಮೀಟರ್. ಘನ ಮೀಟರಿಗೆ ಎಂಟು ಮೂಟೆಯಂತೆ ಹದಿಮೂರು ಮೂಟೆಗೂ ಮಿಕ್ಕಿ ಸಿಮೆಂಟು, ಅದರ ಜೊತೆಗೆ ಎಂ-ಸ್ಯಾಂಡು, ಜಲ್ಲಿ, ಕೂಲಿ. ಇಷ್ಟನ್ನೂ ಮಣ್ಣಿಗೆ ದಾನ ಮಾಡಿ, ಹಲಗೆ ಬಾಡಿಗೆ ಉಳಿಸಿದೆವು ಎಂದು ಮೀಸೆ ತಿರುವುತ್ತೇವೆ. ಬದಿಯ ಅಚ್ಚನ್ನು 16ರಿಂದ 24 ಗಂಟೆಯಲ್ಲಿ ಬಿಚ್ಚಬಹುದು ಎಂದು ಅದೇ ಐಎಸ್ 456 ಹೇಳುತ್ತದೆ. ಆದ್ದರಿಂದ ಹನ್ನೆರಡಕ್ಕೂ ಒಟ್ಟಿಗೆ ಹಲಗೆ ಬೇಕಿಲ್ಲ. ನಾಲ್ಕಕ್ಕೆ ಆಗುವಷ್ಟು ತಂದು ಮೂರು ಸರದಿ ಮಾಡಿದರೆ ಆಯಿತು. ಮಾಲು ರೆಡಿಮಿಕ್ಸ್ ಲಾರಿಯಲ್ಲಿ ಒಂದೇ ಸಲ ಬರುವುದಾದರೆ ಈ ಸರದಿ ನಡೆಯುವುದಿಲ್ಲ, ಒಪ್ಪುತ್ತೇನೆ. ಆಗ ಬಾಡಿಗೆ ಒಂದೇ ದಿನದ್ದು, ಅಷ್ಟೇ.

ಹಲಗೆ ಕಟ್ಟಲು ಗುಂಡಿ ಅಗಲ ಮಾಡಬೇಕು, ತೋಡುವ ಕೂಲಿ, ಮತ್ತೆ ತುಂಬುವ ಕೂಲಿ ಹೆಚ್ಚು ಎಂಬ ಆಕ್ಷೇಪ ಇನ್ನೊಂದಿದೆ. ಇದು ಸರಿಯಾದ ಆಕ್ಷೇಪ. ಇದಕ್ಕಿಂತ ಗಟ್ಟಿಯಾದ ಇನ್ನೊಂದನ್ನು ನಾನೇ ಎದುರಾಳಿಯ ಪರವಾಗಿ ಹೇಳಿಬಿಡುತ್ತೇನೆ: ಕರಾವಳಿಯ ಮುರಕಲ್ಲಿನ ನೆಲದಲ್ಲಿ, ಬೆಂಗಳೂರಿನ ಕೆಲವೆಡೆ ಸಿಗುವ ಗಟ್ಟಿ ಗೊರಚಿನಲ್ಲಿ, ಕತ್ತಿಯಲ್ಲಿ ಕೊಯ್ದ ಹಾಗೆ ಗುಂಡಿ ನಿಲ್ಲುತ್ತದೆ. ಅಲ್ಲಿ ಬದಿಗೆ ಪಾಲಿಥೀನ್ ಹಾಳೆ ಇಳಿಬಿಟ್ಟು, 75 ಮಿ.ಮೀ. ಕವರ್ ಕೊಟ್ಟು, ನೇರವಾಗಿ ಹಾಕಿದರೆ ನಾನು ತಕರಾರು ಮಾಡುವುದಿಲ್ಲ. ಅಲುಗದ ನೆಲ ಫುಟಿಂಗನ್ನು ಬದಿಯಿಂದ ಹಿಡಿದುಕೊಳ್ಳುತ್ತದೆ, ಅದೂ ಒಂದು ಲಾಭವೇ. ಆದರೆ ಅದು ಎಂಜಿನಿಯರ್ ನೆಲ ನೋಡಿ, ನಕ್ಷೆಯಲ್ಲಿ ಬರೆದು, ಮಾಡಿದ ಆಯ್ಕೆಯಾಗಿರಬೇಕು. ನಮ್ಮಲ್ಲಿ ಮುರಕಲ್ಲಿನ ನ್ಯಾಯವನ್ನು ಕೆರೆ ಅಂಗಳದ ತುಂಬುಮಣ್ಣಿಗೂ ಅನ್ವಯಿಸುತ್ತಾರೆ, ಎರೆಹೊಲಕ್ಕೂ ಅನ್ವಯಿಸುತ್ತಾರೆ.

ಎರೆಯ ಮಾತು ಬಂತು. ನೆಲವನ್ನೇ ಅಚ್ಚು ಮಾಡಿಕೊಳ್ಳುವ ತತ್ವ ಎಲ್ಲಿ ಬರೇ ಅಗ್ಗದ ಕೆಲಸವಾಗಿ ಉಳಿಯದೆ ಅಪಾಯವಾಗುತ್ತದೆ ಎಂದು ನೋಡಬೇಕಾದರೆ ಹುಬ್ಬಳ್ಳಿ, ಗದಗ, ವಿಜಯಪುರ, ಕಲಬುರಗಿಯ ಕಪ್ಪು ನೆಲಕ್ಕೆ ಬರಬೇಕು. ಮಾರ್ಚಿನಲ್ಲಿ ಈ ನೆಲದ ಬಿರುಕಿನೊಳಗೆ ಕೈ ಇಳಿಸಬಹುದು. ಮಳೆ ಬಿದ್ದರೆ ಅದೇ ಮಣ್ಣು ಉಬ್ಬಿ, ಬಿರುಕು ಮುಚ್ಚಿ, ಮೇಲಿದ್ದದ್ದನ್ನೆಲ್ಲ ಎತ್ತತೊಡಗುತ್ತದೆ. ಹೊಲದ ಒಡೆಯನಿಗೆ ಇದು ಹೊಸ ವಿಷಯವಲ್ಲ. ಆತ ಎರೆಯಲ್ಲಿ ಸುಮ್ಮನೆ ಕಂಬ ನೆಡುವುದಿಲ್ಲ. ಮನೆ ಕಟ್ಟುವಾಗ ಮಾತ್ರ ಎಲ್ಲರಿಗೂ ಮರೆವು. ಬೇಸಗೆಯಲ್ಲಿ ಕಲ್ಲಿನಂತೆ ಗಟ್ಟಿಯಾಗಿ ಕಾಣುವ ನೆಲವನ್ನು ಮಟ್ಟ ಮಾಡಿ, ಅದರ ಮೇಲೇ ಪ್ಲಿಂತ್ ಬೀಮಿನ ಕಂಬಿ ಕಟ್ಟಿ, ಎರಡು ಬದಿಗೆ ಮಾತ್ರ ಶೀಟು ನಿಲ್ಲಿಸಿ ಹಾಕುತ್ತಾರೆ. ತಳಕ್ಕೆ ನೆಲವೇ ಅಚ್ಚು. ಶ್ರಾವಣದ ಮಳೆಗೆ ನೆಲ ಉಬ್ಬಿ ಆ ಬೀಮನ್ನು ಕೆಳಗಿನಿಂದ ಒತ್ತುತ್ತದೆ. ಬೀಮಿನ ಲೆಕ್ಕ ಹಾಕಿದವರು ಗೋಡೆಯ ಭಾರ ಮೇಲಿನಿಂದ ಬರುತ್ತದೆಂದು ನಡುವಿನಲ್ಲಿ ಕಂಬಿಯನ್ನು ಹೆಚ್ಚಾಗಿ ಕೆಳಗಿಟ್ಟಿರುತ್ತಾರೆ. ಈಗ ಒತ್ತಡ ತಿರುವುಮುರುವು. ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರುಕು ಏಳುತ್ತದೆ, ಬಾಗಿಲು ಚೌಕಟ್ಟಿಗೆ ಸಿಕ್ಕಿಕೊಳ್ಳುತ್ತದೆ. ಆಗ ಬಂದು ನೋಡುವವರೆಲ್ಲ ಹೇಳುವುದು ಒಂದೇ: "ಸಿಮೆಂಟ್ ಕಮ್ಮಿ ಆಗೇತ್ರಿ", "ಕಂಬಿ ಇನ್ನಷ್ಟು ಹಾಕಬೇಕಿತ್ರಿ". ಕಂಬಿಯೂ ಸರಿ ಇತ್ತು, ಸಿಮೆಂಟೂ ಸರಿ ಇತ್ತು. ತೆಗೆಯಬೇಕಾದ ಅಚ್ಚನ್ನು ತೆಗೆಯಲೇ ಇಲ್ಲ, ಏಕೆಂದರೆ ಆ ಅಚ್ಚು ಭೂಮಿಯೇ ಆಗಿತ್ತು.

ಇದಕ್ಕೆ ಮದ್ದು ನಮ್ಮ ದೇಶದಲ್ಲೇ ಇದೆ. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಎರೆಮಣ್ಣಿಗೆಂದೇ ಬುಡದಲ್ಲಿ ಗಡ್ಡೆಯಂತೆ ಅಗಲಿಸಿದ ಅಂಡರ್-ರೀಮ್ಡ್ ಪೈಲ್ ಪದ್ಧತಿಯನ್ನು ರೂಪಿಸಿತು. ಮಳೆಗೆ ನೆನೆದು ಬಿಸಿಲಿಗೆ ಒಣಗುವ ಪದರವನ್ನು ದಾಟಿ, ಸಾಮಾನ್ಯವಾಗಿ 3.5 ಮೀಟರ್ ಆಳಕ್ಕೆ ಅದು ಇಳಿಯುತ್ತದೆ. ಅದರ ಮೇಲೆ ಹಾಕುವ ಬೀಮಿನ ಕೆಳಗೆ ಕನಿಷ್ಠ 80 ಮಿ.ಮೀ. ಖಾಲಿ ಜಾಗ ಇರಬೇಕೆಂದು ಐಎಸ್ 2911 ಹೇಳುತ್ತದೆ. ನೆಲ ಉಬ್ಬಲಿ, ಬೀಮಿಗೆ ತಾಗದಿರಲಿ ಎಂದು. ಈ 80 ಮಿ.ಮೀ. ಗಾಳಿಯನ್ನು ಕಂಬಿ ಕೊಡುವುದಿಲ್ಲ, ಸಿಮೆಂಟು ಕೊಡುವುದಿಲ್ಲ. ಅಚ್ಚು ಕೊಡುತ್ತದೆ. ಇಟ್ಟಿಗೆ ತುಂಡುಗಳ ಮೇಲೆ ತಳದ ಹಲಗೆ ಕೂರಿಸಿ, ಬೀಮ್ ಗಟ್ಟಿಯಾದ ಮೇಲೆ ಅವನ್ನು ಎಳೆದು ತೆಗೆದು, ಬದಿಗೆ ಮಣ್ಣು ಜರಿಯದಂತೆ ಚಪ್ಪಡಿ ನಿಲ್ಲಿಸಿದರೆ ಕೆಲಸ ಮುಗಿಯಿತು. ಅಮೆರಿಕದ ಕೊಲೊರಾಡೊದಲ್ಲೂ ಉಬ್ಬುವ ಮಣ್ಣಿನ ಕಾಟ ಇದೆ. ಅಲ್ಲಿ ಬೀಮಿನ ತಳಕ್ಕೆ ರಟ್ಟಿನ ಪೆಟ್ಟಿಗೆಗಳನ್ನು ಅಚ್ಚಾಗಿ ಇಡುತ್ತಾರೆ. ಕಾಂಕ್ರೀಟ್ ಬಲಿಯುವ ತನಕ ಅವು ಭಾರ ಹೊರುತ್ತವೆ, ಆಮೇಲೆ ನೆಲದ ತೇವಕ್ಕೆ ಮೆತ್ತಗಾಗಿ ಕುಸಿದು ಜಾಗ ಬಿಡುತ್ತವೆ. ಹೊರದೇಶದಿಂದ ಏನಾದರೂ ತರಲೇಬೇಕೆಂಬ ಹಂಬಲ ಇದ್ದವರು ಈ ರಟ್ಟಿನ ಪೆಟ್ಟಿಗೆ ತರಬಹುದಿತ್ತು. ಅವರು ತಂದದ್ದು ಥರ್ಮೋಕೋಲ್.

ಆ ಕಡೆ ಹೋಗುವ ಮುನ್ನ ಯಾವ ಅಚ್ಚು ಎಂಬ ಪ್ರಶ್ನೆಗೆ ಚುಟುಕಾಗಿ. "ಸ್ಟೀಲ್ ಶೀಟೇ ಬೇಕು, ಹಲಗೆ ಹಳೇ ಕಾಲದ್ದು" ಎಂಬ ಇನ್ನೊಂದು ಶ್ರೀಮಂತ ಮೂಢನಂಬಿಕೆ ಇದೆ. ಒಂದಡಿ ದಪ್ಪದ ಫುಟಿಂಗಿನ ಬುಡದಲ್ಲಿ ಹಸಿ ಕಾಂಕ್ರೀಟಿನ ಒತ್ತಡ ಚದರ ಮೀಟರಿಗೆ ಮುಕ್ಕಾಲು ಟನ್ನೂ ಇಲ್ಲ. ಅಷ್ಟಕ್ಕೆ ಒಂದಿಂಚಿನ ಹಲಗೆ, ಹಿಂದೆ ಗೂಟ, ಮೂಲೆಗೆ ಮೂಲೆಮಟ್ಟ ಹಿಡಿದು ಹೊಡೆದ ಮೊಳೆ ಸಾಕು. ಹತ್ತಡಿ ಕಾಲಮ್ಮನ್ನು ಒಂದೇ ಏಟಿಗೆ ತುಂಬಿದರೆ ಬುಡದಲ್ಲಿ ಒತ್ತಡ ಏಳು ಟನ್ ದಾಟಬಹುದು. ಶೀಟು, ಕ್ಲಾಂಪು ಅಲ್ಲಿಗೆ. ಮೂರಡಿಗೆ ಎರಡಡಿಯ ಬಾಡಿಗೆ ಶೀಟು ಪಾಯಕ್ಕೂ ಒಳ್ಳೆಯದೇ, ಆದರೆ ಹತ್ತು ಮೋಲ್ಡ್ ಕಂಡು ಅಂಚು ಸೊಟ್ಟಗಾದ ಶೀಟಿನ ಸಂದಿನಲ್ಲಿ ಬೆರಳು ತೂರುವಂತಿದ್ದರೆ ನೆನೆಸಿದ ಹಲಗೆಯೇ ಮೇಲು. ಫಿಲ್ಮ್ ಅಂಟಿಸಿದ ಪ್ಲೈವುಡ್ಡಿನ ನುಣುಪು ಮಣ್ಣಿನಡಿ ಯಾರಿಗೆ ತೋರಿಸಲು? ನೆರೆಮನೆಯ ಗೋಡೆ ಒತ್ತಿಕೊಂಡಿದ್ದು ಹಲಗೆ ಬಿಚ್ಚಲು ಜಾಗವೇ ಇಲ್ಲ ಎಂಬ ಕಡೆ ನಾಲ್ಕಿಂಚಿನ ಸಾಲಿಡ್ ಬ್ಲಾಕಿನ ಸಾಲು ಕಟ್ಟಿ, ಒಳಮೈಗೆ ಗಾರೆ ಬಳಿದು, ಅದನ್ನೇ ಶಾಶ್ವತ ಅಚ್ಚಾಗಿ ಬಿಟ್ಟುಬಿಡುವುದು ನನಗೆ ತುಂಬ ಇಷ್ಟವಾದ ಉಪಾಯ. ಗ್ಯಾರೇಜಿನ ಸುಟ್ಟ ಆಯಿಲ್ ಬಳಿಯುವ ಚಾಳಿಯನ್ನು ಮಾತ್ರ ಬಿಡಬೇಕು. ಹಲಗೆಗಿಂತ ಹೆಚ್ಚು ಆಯಿಲ್ ಬೀಳುವುದು ಕೆಳಗಿನ ಕಂಬಿಯ ಮೇಲೆ.

ಈಗ ಕಂಬಳಿಯ ಕಥೆ. ಇದು ಸಾಮಾನ್ಯವಾಗಿ ಫೋನಿನಲ್ಲಿ ಶುರುವಾಗುತ್ತದೆ. ಮಿನ್ನೆಸೋಟಾದಲ್ಲೋ ಟೊರೊಂಟೊದಲ್ಲೋ ಇರುವ ತಮ್ಮ, ಊರಿನಲ್ಲಿರುವ ಅಣ್ಣನಿಗೆ ಹೇಳುತ್ತಾನೆ: "ಅಣ್ಣಾ, ನಮ್ಮಲ್ಲಿ ಪಾಯಕ್ಕೆ ಫೋಮ್ ಹಾಕದೆ ಮನೆಯನ್ನೇ ಕಟ್ಟಲ್ಲ. ನೀವೂ ಹಾಕಿಸಿ, ವಿಡಿಯೊ ಕಳಿಸ್ತೀನಿ." ತಮ್ಮ ಹೇಳಿದ್ದು ಸುಳ್ಳಲ್ಲ. ಮಿನ್ನೆಸೋಟಾದ ಕಟ್ಟಡ ನಿಯಮದಲ್ಲಿ ಪಾಯ ದಕ್ಷಿಣ ಭಾಗದಲ್ಲಿ 42 ಇಂಚು, ಉತ್ತರದಲ್ಲಿ 60 ಇಂಚು ಆಳಕ್ಕೆ ಇಳಿಯಬೇಕು. ಕಾರಣ, ಅಷ್ಟು ಆಳದವರೆಗೆ ಚಳಿಗಾಲದಲ್ಲಿ ನೆಲ ಹೆಪ್ಪುಗಟ್ಟುತ್ತದೆ. ನೀರು ಮಂಜುಗಡ್ಡೆಯಾಗುವಾಗ ನೂರಕ್ಕೆ ಒಂಬತ್ತು ಪಾಲು ಹಿಗ್ಗುತ್ತದೆ. ಅದಕ್ಕಿಂತ ದೊಡ್ಡ ಕಾಟವೆಂದರೆ ಹೆಪ್ಪುಗಟ್ಟುವ ಪದರ ಕೆಳಗಿನ ತೇವವನ್ನು ಮೇಲೆಳೆದು ಪದರ ಪದರವಾಗಿ ಮಂಜುಗಡ್ಡೆ ಬೆಳೆಸಿ ಮನೆಯನ್ನೇ ಎತ್ತುತ್ತದೆ. ಅಲ್ಲಿ ಪಾಯದ ಅಂಚಿಗೆ ಗಟ್ಟಿ ಫೋಮ್ ಹಾಸಿದರೆ ಮನೆಯ ಶಾಖ ನೆಲದಲ್ಲೇ ಉಳಿದು, ಕಡಿಮೆ ಆಳದ ಪಾಯವೂ ಹೆಪ್ಪಿನಿಂದ ಬಚಾವಾಗುತ್ತದೆ. ನಾರ್ವೆ, ಸ್ವೀಡನ್ನಿನವರು ಇದನ್ನು ದಶಕಗಳ ಹಿಂದೆಯೇ ಕರಗತ ಮಾಡಿಕೊಂಡರು. ಬಿಚ್ಚದೆ ಬಿಡುವ ಫೋಮ್ ಅಚ್ಚು, ಒಳಗೆ ಕಾಂಕ್ರೀಟ್: ಅಚ್ಚೂ ಅದೇ, ಕಂಬಳಿಯೂ ಅದೇ. ಅಲ್ಲಿಗೆ ಅದು ಜಾಣತನದ ಕೆಲಸ, ನಾನು ಟೋಪಿ ತೆಗೆಯುತ್ತೇನೆ.

ಬೆಂಗಳೂರಿನ ದಾಖಲೆಯ ಚಳಿ ಯಾವುದು ಗೊತ್ತೇ? 1884ರ ಜನವರಿ 13ರಂದು 7.8 ಡಿಗ್ರಿ. ನೂರನಲವತ್ತು ವರ್ಷ ಕಳೆದರೂ ಆ ದಾಖಲೆ ಮುರಿದಿಲ್ಲ. ಗಾಳಿಯೇ ಹೆಪ್ಪಿನ ಹತ್ತಿರ ಸುಳಿಯದ ಊರಿನಲ್ಲಿ ನೆಲ ಹೆಪ್ಪುಗಟ್ಟುವುದು ಎಲ್ಲಿ? (ಒಂದೇ ಒಂದು ಜಾಗ ಇದೆ: ಸೊನ್ನೆಗಿಂತ ಎಷ್ಟೋ ಕೆಳಗೆ ಇಡುವ ಐಸ್‌ಕ್ರೀಮ್, ಮೀನಿನ ಶೀತಲ ಗೋದಾಮು. ಅದರ ನೆಲದಡಿ ಇನ್ಸುಲೇಶನ್ ಇಲ್ಲದಿದ್ದರೆ ಬೆಂಗಳೂರಿನಲ್ಲೂ ಮಣ್ಣು ಹೆಪ್ಪುಗಟ್ಟಿ ನೆಲವನ್ನು ಎತ್ತಬಲ್ಲದು. ಗೋದಾಮು ಕಟ್ಟುವವರು ನನ್ನ ಲೇಖನವನ್ನು ಇಲ್ಲಿಗೇ ಬಿಡಬಹುದು.)

"ಚಳಿಗೆ ಬೇಡ, ಸೆಕೆಗೆ ಬೇಕಲ್ಲ" ಎಂದು ಮಾರುವವರು ಮಾತು ಹೊರಳಿಸುತ್ತಾರೆ. ಕೆಲವು ಮೀಟರ್ ಆಳದ ಮಣ್ಣು ಆ ಊರಿನ ವರ್ಷದ ಸರಾಸರಿ ಉಷ್ಣತೆಯ ಆಸುಪಾಸಿನಲ್ಲೇ ಇರುತ್ತದೆ. ಬೆಂಗಳೂರಿಗೆ ಅದು ಸುಮಾರು 24 ಡಿಗ್ರಿ. ಹೊರಗೆ 36 ಇರುವ ಏಪ್ರಿಲ್ ಮಧ್ಯಾಹ್ನ ಕಾಲ ಕೆಳಗೆ ಪುಕ್ಕಟೆ ತಂಪಿನ ಕಣಜವೇ ಇದೆ. ಹಳೇ ಮನೆಗಳ ಕೆಂಪು ಗಾರೆ ನೆಲದ ಮೇಲೆ ಬೇಸಗೆಯಲ್ಲಿ ಚಾಪೆಯನ್ನೂ ಹಾಸದೆ ಮಲಗುತ್ತಿದ್ದ ಅಜ್ಜಿಯಂದಿರಿಗೆ ಈ ವಿಜ್ಞಾನ ಬೆನ್ನಿನ ಮೂಲಕ ಗೊತ್ತಿತ್ತು. ಆ ತಂಪಿಗೂ ಮನೆಗೂ ನಡುವೆ ದುಡ್ಡು ಕೊಟ್ಟು ಥರ್ಮೋಕೋಲ್ ಗೋಡೆ ಎಬ್ಬಿಸಿ, ಆಮೇಲೆ ಏಸಿ ತರುವುದು! ಮನೆಗೆ ಸೆಕೆ ಇಳಿಯುವುದು ತಲೆಯ ಮೇಲಿನಿಂದ. ಕೇಂದ್ರ ಸರ್ಕಾರ 2018ರಲ್ಲಿ ತಂದ ಇಕೋ ನಿವಾಸ್ ಸಂಹಿತೆ ಮೇಲ್ಛಾವಣಿಯಿಂದ ಎಷ್ಟು ಶಾಖ ಇಳಿಯಬಹುದೆಂದು ಮಿತಿ ಹಾಕುತ್ತದೆ, ಗೋಡೆ ಕಿಟಕಿಗಳ ಲೆಕ್ಕ ಕೇಳುತ್ತದೆ. ಪಾಯಕ್ಕೆ ಕಂಬಳಿ ಹೊದಿಸಿ ಎಂದು ಅದು ಕೇಳುವುದಿಲ್ಲ. ಆ ಫೋಮಿನ ದುಡ್ಡನ್ನು ತಾರಸಿಗೆ ಹಾಕಿದರೆ ಮೊದಲ ಬೇಸಗೆಯಲ್ಲೇ ಮೈಗೆ ತಿಳಿಯುತ್ತದೆ.

ಇದರ ಮೇಲೆ ಗೆದ್ದಲು. ಗೆದ್ದಲು ಫೋಮನ್ನು ತಿನ್ನುವುದಿಲ್ಲ. ಅದರೊಳಗೆ ಸುರಂಗ ಕೊರೆದು, ಯಾರ ಕಣ್ಣಿಗೂ ಬೀಳದೆ, ಪಾಯದಿಂದ ಬಾಗಿಲ ಚೌಕಟ್ಟಿಗೆ ಹೋಗುತ್ತದೆ. ಗೋಡೆಯ ಮೇಲೆ ಮಣ್ಣಿನ ಗೆರೆ ಎಳೆದುಕೊಂಡು ಬರುವ ಗೆದ್ದಲನ್ನು ಪೊರಕೆಯಲ್ಲಾದರೂ ಗುಡಿಸಬಹುದು; ಫೋಮಿನೊಳಗಿನದನ್ನು ಕಾಣುವುದು ಚೌಕಟ್ಟು ಟೊಳ್ಳಾದ ಮೇಲೆ. ತಮ್ಮ ಹೇಳದ ಸಂಗತಿ ಒಂದಿದೆ: ಅಮೆರಿಕದ ಮಾದರಿ ವಸತಿ ಸಂಹಿತೆಯೇ ಫ್ಲಾರಿಡಾ, ಜಾರ್ಜಿಯಾದಂಥ ಗೆದ್ದಲಿನ ಹಾವಳಿ ವಿಪರೀತ ಇರುವ ರಾಜ್ಯಗಳಲ್ಲಿ, ಕೆಲವು ವಿನಾಯಿತಿ ಬಿಟ್ಟರೆ, ನೆಲಮಟ್ಟದ ಕೆಳಗೆ ಪಾಯಕ್ಕೆ ಫೋಮ್ ಹಚ್ಚುವುದನ್ನು ನಿಷೇಧಿಸಿದೆ. ನಾವು ನಕಲು ಮಾಡಬೇಕಾದ್ದು ಫ್ಲಾರಿಡಾವನ್ನು. ಮಾಡುತ್ತಿರುವುದು ಮಿನ್ನೆಸೋಟಾವನ್ನು.

ಮಂಗಳೂರಿನ ಓದುಗರೊಬ್ಬರು ಇಲ್ಲಿ ಅಡ್ಡ ಬರಬಹುದು: ಮುಂಗಾರಿನ ಶುರುವಿನಲ್ಲಿ ನಮ್ಮ ನೆಲ ಬೆವರುತ್ತದಲ್ಲ, ಅದಕ್ಕೇನು? ಒದ್ದೆ ಗಾಳಿ ತಣ್ಣನೆಯ ನೆಲಕ್ಕೆ ತಾಗಿ ಹನಿಗಟ್ಟುವ ಬೆವರು ಅದು, ನೆಲದೊಳಗಿಂದ ಬಂದದ್ದಲ್ಲ. ಅದಕ್ಕೆ ಮದ್ದು ಗಾಳಿಯಾಟದಲ್ಲಿ, ನೆಲದ ಮೇಲ್ಮೈಯಲ್ಲಿ ಇದೆ. ಪಾಯದ ಅಂಚಿಗೆ ಫೋಮ್ ಹಚ್ಚಿದರೆ ಅದು ನಿಲ್ಲದು. ನೆಲದೊಳಗಿಂದ ನಿಜವಾಗಿ ಏರುವ ತೇವಕ್ಕೆ ಬೇಕಾದ್ದು ಪ್ಲಿಂತ್ ಮಟ್ಟದಲ್ಲಿ ಸರಿಯಾದ ಡಿಪಿಸಿ (ತೇವ ತಡೆಯುವ ಪದರ), ನೆಲದಡಿ ಪಾಲಿಥೀನ್ ಹಾಳೆ, ಮಳೆನೀರು ಗೋಡೆಯಿಂದ ದೂರ ಹರಿಯುವ ಇಳಿಜಾರು. ಸೆಕೆ ತಡೆಯುವುದೂ ತೇವ ತಡೆಯುವುದೂ ಒಂದೇ ಎಂದು ಗೊಂದಲ ಹುಟ್ಟಿಸಿ ಎರಡಕ್ಕೂ ಒಂದೇ ಡಬ್ಬಿ ಮಾರುವವರನ್ನು ಬಾಗಿಲಲ್ಲೇ ಕಳಿಸಬೇಕು.

ಈ ಎರಡು ತಪ್ಪುಗಳೂ ಏಕೆ ಬದುಕಿ ಉಳಿದಿವೆ ಎಂದರೆ, ನಮ್ಮಲ್ಲಿ ಮನೆ ಕಟ್ಟುವ ಒಪ್ಪಂದ ಚದರ ಅಡಿ ಲೆಕ್ಕದ್ದು. ಟೈಲ್ಸ್ ಯಾವ ಕಂಪನಿಯದು, ನಲ್ಲಿ ಯಾವ ಕಂಪನಿಯದು, ಕಂಬಿ ಯಾವ ಬ್ರ್ಯಾಂಡು ಎಂದು ಎರಡು ಪುಟ ಬರೆಸಿಕೊಳ್ಳುತ್ತಾರೆ. ಪಾಯದ ಅಚ್ಚು ಯಾವುದು, ಕವರ್ ಎಷ್ಟು ಎಂಬ ಒಂದು ಸಾಲನ್ನು ನಾನು ಕೇಳಿ ಬರೆಸದ ಹೊರತು ಒಂದು ಒಪ್ಪಂದದಲ್ಲೂ ಕಂಡಿಲ್ಲ. ಬರೆಯದ್ದಕ್ಕೆ ದುಡ್ಡಿಲ್ಲ, ದುಡ್ಡಿಲ್ಲದ್ದನ್ನು ಮೇಸ್ತ್ರಿ ಏಕೆ ಮಾಡಬೇಕು? ಫೋಮಿಗೆ ಬಿಲ್ಲು ಬರುತ್ತದೆ, ವಾರಂಟಿ ಕಾರ್ಡು ಬರುತ್ತದೆ, ಫೋಟೊದಲ್ಲಿ ಬೆಳ್ಳಗೆ ಚೆಂದ ಕಾಣುತ್ತದೆ. ಬಿಚ್ಚಿ ಒಯ್ಯುವ ಹಲಗೆಗೆ ಇದ್ಯಾವುದೂ ಇಲ್ಲ.

ಬಿಚ್ಚಿ ಒಯ್ಯುವುದೂ ಅಷ್ಟು ಸಲೀಸಲ್ಲ. ಕಟ್ಟಡದ ಸುತ್ತ ಮರದ ಚೂರು, ಅಚ್ಚಿನ ಹಲಗೆ ಮಣ್ಣಿನಲ್ಲಿ ಉಳಿಯಕೂಡದು ಎನ್ನುವುದು ಐಎಸ್ 6313ರಲ್ಲಿ ಗೆದ್ದಲಿನ ಬಗ್ಗೆ ಹೇಳಿರುವ ಮೊದಮೊದಲ ಮಾತುಗಳಲ್ಲಿ ಒಂದು. ಒಂದು ಸೈಟಿನಲ್ಲಿ ನಾನು ಹಟ ಹಿಡಿದು ಫುಟಿಂಗ್‌ಗೆಲ್ಲ ಹಲಗೆ ಕಟ್ಟಿಸಿದೆ. ಮೇಸ್ತ್ರಿ ಗೊಣಗುತ್ತಲೇ ಕಟ್ಟಿದರು, ಚೆನ್ನಾಗಿಯೇ ಕಟ್ಟಿದರು. ನೆನೆಸಿ, ಸಂದಿಗೆ ಗೋಣಿಚೀಲದ ಚಿಂದಿ ತುರುಕಿ. ಎರಡು ದಿನ ಬಿಟ್ಟು ಹೋಗುವಷ್ಟರಲ್ಲಿ ಬಿಚ್ಚಿ, ಗುಂಡಿಗಳಿಗೆ ಮಣ್ಣು ತುಂಬಿ, ನೀರು ಬಿಟ್ಟು ಧಮ್ಮಸ್ ಹೊಡೆದಾಗಿತ್ತು. ಮೂಲೆಯಲ್ಲಿ ಜೋಡಿಸಿಟ್ಟ ಹಲಗೆ ಎಣಿಸಿದೆ. ಬಾಡಿಗೆ ಚೀಟಿಯಲ್ಲಿ ನಲವತ್ತೆಂಟು, ರಾಶಿಯಲ್ಲಿ ನಲವತ್ತೈದು. "ಮೂರು ಹಲಗೆ ಎಲ್ಲಿ ಮೇಸ್ತ್ರಿ?" ಎಂದೆ. ಅವರು ಗುಂಡಿಗಳ ಕಡೆ ಒಮ್ಮೆ ನೋಡಿ, ಬೀಡಿ ಹಚ್ಚಿ, "ಮಣ್ಣಿಗೆ ಹೋಯ್ತು ಬಿಡಿ ಸಾರ್, ಮೂರು ಹಲಗೆ ತಾನೇ, ನಾನೇ ದುಡ್ಡು ಕಟ್ತೀನಿ" ಅಂದರು. ಐದನೇ ಗುಂಡಿಯಲ್ಲಿ ಎರಡು ಸಿಕ್ಕವು, ಹನ್ನೊಂದನೆಯದರಲ್ಲಿ ಒಂದು. ಅಷ್ಟು ಸಿಗಬೇಕಾದರೆ ಏಳು ಗುಂಡಿ ಮತ್ತೆ ತೋಡಿಸಬೇಕಾಯಿತು. ಪ್ಲಿಂತ್ ಬೀಮ್ ಹಾಕುವ ತನಕ ಮೇಸ್ತ್ರಿ ನನ್ನ ಜೊತೆ ಮಾತಾಡಲಿಲ್ಲ.